‘ಫು’ ಮೇಲೆ ಎಳೆದ ಗೆರೆ

ಮೊಂಡೊವಿ,
14 ನವೆಂಬರ್ 2009, ಶನಿವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಊರುಗೋಲನ್ನು ಮೂಲೆಗೆಸೆದು ಅಡುಗೆಮನೆಯೆಲ್ಲ ಓಡಾಡುತ್ತೀ, ಡಾಕ್ಟರರ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ತಂಗಿ ಮಿರೆಲ್ಲಾ ಫೋನಿನಲ್ಲಿ ದೂರು ಹೇಳಿದಳು. ಶಸ್ತ್ರಚಿಕಿತ್ಸೆ ಮಂಡಿಗೆ ಆಗಿದೆ, ಹಟಕ್ಕೆ ಆಗಿಲ್ಲವಲ್ಲ ಎಂದೆ. ಬೆಲ್ಜಿಯಮ್ಮಿನ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿದೆ ಎಂದೆಯಂತೆ. ನಿನ್ನ ಸೊಸೆ ಎರಡು ಪೊಟ್ಟಣ ಪುಡಿ ಕಟ್ಟಿಟ್ಟಿದ್ದಾಳೆ. ಇಲ್ಲಿ ನಾವೆಲ್ಲ ಕ್ಷೇಮ. ಈ ಸಲ ಚೆಸ್ಟ್‌ನಟ್ ದಪ್ಪಗೆ, ಹುಳುಕಿಲ್ಲದೆ ಬಂದಿದೆ. ಮಂಜು ಇಳಿದು ನಾಲ್ಕು ದಿನವಾಯಿತು, ಎದುರಿನ ಗಂಟೆಗೋಪುರ ಕೂಡ ಕಾಣುವುದಿಲ್ಲ.

ಈಗ ನಿಂತು ಓದುತ್ತಿದ್ದರೆ ಕೂತುಕೋ. ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಸೆಪ್ಟೆಂಬರಿನಲ್ಲಿ ನಾನು ಮೇಲಿನ ಹಳ್ಳಿಗೆ ಹೋಗಿದ್ದೆ, ನಿನ್ನ ಚಿಕ್ಕಪ್ಪ ದಾಲ್ಮಾಝೊನ ಮನೆಗೆ. ನೀನು ಅವನ ಹೆಸರನ್ನು ಯಾವತ್ತೂ ಬಾಯಲ್ಲಿ ಆಡಿದವಳಲ್ಲ. ‘ಆ ಮೇಲೂರಿನವನು’ ಎನ್ನುತ್ತಿದ್ದೆ, ಹೆಚ್ಚು ಕೋಪ ಬಂದ ದಿನ ‘ಆ ಕಾರಿನವನು’. ಹೋಗುವ ಹಾಗಾಗಿತ್ತಮ್ಮ. ಅವನಿಗೀಗ ತೊಂಬತ್ತೊಂದು. ಮಕ್ಕಳುಮರಿ ಇಲ್ಲ. ಬೇಸಿಗೆಯಲ್ಲಿ ಬಿದ್ದ ಮೇಲೆ ಅವನನ್ನು ನಮ್ಮ ಊರಿನ ವೃದ್ಧಾಶ್ರಮಕ್ಕೆ ಕರೆತಂದರು. ಕೊಟ್ಟಿಗೆಯ ಮಾಡು ಕುಸಿಯುವ ಹಾಗಿದೆ, ಒಳಗಿನ ಸಾಮಾನು ತೆಗೆಸಿ ಎಂದು ಮೇಲಿನ ಹಳ್ಳಿಯ ಪಾದ್ರಿಗಳು ಹೇಳಿಕಳಿಸಿದರು. ನಾನು ಹೋಗದಿದ್ದರೆ ಇನ್ನಾರು ಹೋಗಬೇಕಿತ್ತು?

ಒಣಹುಲ್ಲಿನ ಹಿಂದೆ, ಹಳೆಯ ಕಂಬಳಿಗಳ ಅಡಿಯಲ್ಲಿ ಆ ಕಾರು ನಿಂತಿತ್ತು. ಲಾಂಚಿಯಾ ಆರ್ದೆಯಾ. ಮೂವತ್ತು ವರ್ಷ ಕಾರುಗಳ ತಗಡು ತಟ್ಟಿದ ಕೈ ನನ್ನದು, ಮೊದಲು ಬಾಗಿಲುಗಳನ್ನೇ ತೆರೆದು ನೋಡಿದೆ. ಮುಂದಿನ ಬಾಗಿಲು, ಹಿಂದಿನ ಬಾಗಿಲು ಎದುರುಬದುರಾಗಿ ತೆರೆಯುತ್ತವೆ, ನಡುವೆ ಕಂಬವೇ ಇಲ್ಲ. ಎರಡನ್ನೂ ತೆರೆದರೆ ಜಗಲಿಯ ಹಾಗೆ ಗಾಳಿಯಾಡುತ್ತದೆ. ಕುನೆಯೊ ಜಿಲ್ಲೆಯ ಹಳೆಯ ಕಪ್ಪು ನಂಬರ್ ಫಲಕ ಹಾಗೇ ಇದೆ. ಓಡಿದ್ದು ಹತ್ತೊಂಬತ್ತು ಸಾವಿರ ಕಿಲೊಮೀಟರ್ ಮಾತ್ರ. ನೀನು ಹಲ್ಲು ಕಡಿದು ಹೇಳುತ್ತಿದ್ದ ಮಾತು ನೆನಪಾಯಿತು: “ಅಣ್ಣ ಸತ್ತ ಅಂತ ಕಲ್ಲಿನ ಮೇಲೆ ಹೆಸರು ಕೆತ್ತಿಸಿದ, ಮರುವರ್ಷವೇ ಅಣ್ಣನ ಪಾಲಿನ ಕಾಡು ಮಾರಿ ಕಾರು ತಂದ. ಭಾನುವಾರ ಬಂದ್ರೆ ಮೆರೆಯೋಕೆ ಹೊರಟುಬಿಡ್ತಿದ್ದ.” ರಷ್ಯಾಕ್ಕೆ ಹೋದ ನಿನ್ನ ಅಪ್ಪ ನಲವತ್ತಮೂರರ ಜನವರಿಯಲ್ಲಿ ಕಾಣೆಯಾದ ಎಂದಷ್ಟೇ ಸೈನ್ಯದ ಕಾಗದದಲ್ಲಿತ್ತು. ಸತ್ತ ಎಂದು ಯಾರೂ ಬರೆದಿರಲಿಲ್ಲ. ನಿನ್ನ ಲೆಕ್ಕದಲ್ಲಿ ಅವನನ್ನು ಕೊಂದದ್ದು ಆ ಚರ್ಚಿನ ಮುಂದಿನ ಯುದ್ಧಸ್ಮಾರಕದ ಕಲ್ಲು, ಕಲ್ಲಿಗೆ ಹೆಸರು ಕೊಟ್ಟದ್ದು ದಾಲ್ಮಾಝೊ.

ಕಾರು ಮಾರಿದರೆ ಆಶ್ರಮದ ಖರ್ಚಿಗಾದೀತು ಎಂದುಕೊಂಡೆ. ಟೊರಿನೊದಿಂದ ಹಳೆಯ ಕಾರುಗಳ ಹುಚ್ಚಿನ ವಕೀಲನೊಬ್ಬ ಬಂದ, ಹೊಟ್ಟೆಯೊಳಗೆ ಮಗುವಿದೆಯೇನೋ ಎಂಬಂತೆ ಬಾನೆಟ್ಟಿಗೆ ಕಿವಿಯಿಟ್ಟ. “ಮೇಸ್ತ್ರಿಗಳೇ, ಮೊದ್ಲ ಒಡೆಯ ಯಾರು, ಆಮೇಲೆ ಯಾರ್ಯಾರ ಕೈಗೆ ಹೋಯ್ತು, ಅದು ಪಕ್ಕಾ ಆಗ್ಬೇಕು. ಕುಲಗೋತ್ರ ಗೊತ್ತಿಲ್ದೆ ಹೆಣ್ಣು ತರ್ತಾರಾ?” ಎಂದ. ನಿನ್ನ ಚಿಕ್ಕಪ್ಪನ ಹೆಸರು ಬಿಟ್ಟು ಇನ್ನೇನಿರುತ್ತದೆ ಎಂದು ಬೈದುಕೊಳ್ಳುತ್ತಲೇ ಕುನೆಯೊದ ವಾಹನ ನೋಂದಣಿ ಕಚೇರಿಗೆ ಹೋದೆ. ಹಳೆಯ ಪುಸ್ತಕಗಳೆಲ್ಲ ನೆಲಮಾಳಿಗೆಯಲ್ಲಿವೆ. ಗುಮಾಸ್ತೆ ಗಟ್ಟಿಗಿತ್ತಿ ಹೆಂಗಸು, ಮಗು ಹೊತ್ತುತರುವ ಹಾಗೆ ಒಂದು ಸಂಪುಟವನ್ನು ಹೊತ್ತುತಂದು ಮೇಜಿನ ಮೇಲಿಟ್ಟು, ಪುಟ ತಿರುವಿ ಹೇಳಿದಳು: “ಅಯ್ಯೋ, ಇದು ಕೈ ಬದಲಾಗೇ ಇಲ್ವಲ್ಲ! ಒಂದೇ ಹೆಸರು. ಅದೂ ಹೆಣ್ಣು.”

ಅಮ್ಮಾ, ಆ ಹೆಸರು ನಿನ್ನದು. ಗಾಸ್ಕೊ ಎರ್ಸಿಲಿಯಾ, ಹುಟ್ಟಿದ್ದು 1938. ಹದಿಮೂರು ವರ್ಷದ ಹುಡುಗಿ. ಪೋಷಕ: ಗಾಸ್ಕೊ ದಾಲ್ಮಾಝೊ. ಐವತ್ತೆಂಟು ವರ್ಷದಿಂದ ಆ ಕಾರಿನ ಒಡತಿ ನೀನು, ಇವತ್ತಿಗೂ ನೀನೇ.

ನನಗೆ ಮೈ ಜುಮ್ಮೆಂದದ್ದು ಅದಕ್ಕೂ ಅಲ್ಲ. ನಿಮ್ಮ ಕಾಲದಲ್ಲಿ ಸರ್ಕಾರಿ ಕಾಗದದಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರನ್ನೂ ಬರೆಯುತ್ತಿದ್ದರಲ್ಲ. ಅಪ್ಪ ಬದುಕಿದ್ದರೆ ಬರೀ ‘ಇಂಥವನ ಮಗಳು’. ತೀರಿಕೊಂಡಿದ್ದರೆ ಅವನ ಹೆಸರಿನ ಹಿಂದೆ ‘ಫು’, ಅಂದರೆ ‘ಇದ್ದ’. ಒಂದೇ ಅಕ್ಷರ ಬರೆದು ಮನುಷ್ಯನನ್ನು ಮಣ್ಣು ಮಾಡಿಬಿಡುತ್ತಿದ್ದರು. ನಿನ್ನ ಹೆಸರಿನ ಮುಂದೆ ಗುಮಾಸ್ತ ಮೊದಲು ‘ಫು ಕಿಯಾಫ್ರೆದೊ’ ಎಂದೇ ಬರೆದಿದ್ದಾನೆ. ಆಮೇಲೆ ‘ಫು’ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮೇಲ್ಗಡೆ ಸಣ್ಣಕ್ಷರದಲ್ಲಿ ‘ಕಿಯಾಫ್ರೆದೊನ ಮಗಳು’ ಎಂದು ತಿದ್ದಿದ್ದಾನೆ. ಪಕ್ಕದಲ್ಲಿ ಅಧಿಕಾರಿಯ ಸಹಿ, ಮೊಹರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ, ಊರ ನಡುವಿನ ಕಲ್ಲಿನ ಮೇಲೆ ಆ ಹೆಸರು ಕೆತ್ತಿ ಒಂದು ವರ್ಷವಾದ ಮೇಲೆ! ಆ ನೆಲಮಾಳಿಗೆಯಲ್ಲಿ ನಾನು ಟೋಪಿ ತೆಗೆದು ನಿಂತುಬಿಟ್ಟೆ.

ನೇರವಾಗಿ ಆಶ್ರಮಕ್ಕೆ ಹೋದೆ. ಚಿಕ್ಕಜ್ಜ ಕಿಟಕಿಯ ಬಳಿ ಕೂತು ಪೊಲೆಂಟಾ ಗಂಜಿಯನ್ನು ಬೈಯುತ್ತಾ ತಿನ್ನುತ್ತಿದ್ದ. ನಕಲು ಪ್ರತಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿ ನಕ್ಕ. “ಆ ಗುಮಾಸ್ತ ಬಲು ಮೊಂಡ. ಕಲ್ಲಿನ ಮೇಲೇ ಇದೆಯಲ್ಲ, ಫು ಅಂತ್ಲೇ ಬರೀಬೇಕು ಅಂದ. ನೀನು ಹೆಣ ನೋಡಿದ್ದೀಯೇನಯ್ಯಾ ಅಂದೆ. ಇಲ್ಲ ಅಂದ. ನಾನೂ ನೋಡಿಲ್ಲ. ಹಂಗಾದ್ರೆ ಹೊಡೆದ್ಹಾಕು ಅಂದೆ. ಬಾಗ್ಲು ಹಾಕೋ ಹೊತ್ತಾದ್ರೂ ಬೆಂಚು ಬಿಟ್ಟು ಏಳ್ಲಿಲ್ಲ. ಕೊನೆಗೆ ಸಾಹೇಬನೇ ಬಂದು ಹೊಡೆಸಿದ.”

ಕಾರು ಯಾಕೆ ಬೇಕಿತ್ತು ಎಂದು ಕೇಳಿದೆ. “ಅವನನ್ನ ಕರ್ಕೊಂಡು ಬರೋಕೆ,” ಎಂದ, ಸಂತೆಯಿಂದ ಉಪ್ಪು ತರುವ ಮಾತಾಡಿದ ಹಾಗೆ. ರಷ್ಯಾದಿಂದ ಸೆರೆಯಾಳುಗಳು ಒಬ್ಬಿಬ್ಬರು ಇನ್ನೂ ಬರುತ್ತಿದ್ದ ಕಾಲ. ಬಂದವರ ಸುದ್ದಿ ಕಿವಿಗೆ ಬಿದ್ದ ಕಡೆಗೆಲ್ಲ ಭಾನುವಾರ ಭಾನುವಾರ ಹೋಗುತ್ತಿದ್ದನಂತೆ, ನಿನ್ನ ಅಪ್ಪನ ಫೋಟೋ ಜೇಬಿನಲ್ಲಿಟ್ಟುಕೊಂಡು. ಬ್ರೆಶಾ, ವೆರೋನಾ, ಒಮ್ಮೆ ಉದಿನೆವರೆಗೆ. “ಕಾಲಿಗೆ ಹಿಮ ಹಿಡಿದಿದ್ರೆ ರೈಲಲ್ಲಿ ಹೆಂಗೆ ಕೂರ್ತಾನೆ? ಅದಕ್ಕೇ ನಡುವೆ ಕಂಬ ಇಲ್ದಿರೋ ಕಾರು ತಗೊಂಡೆ, ಹಾಗೇ ಎತ್ತಿ ಮಲಗಿಸ್ಬಹುದು ಅಂತ. ಅವನ ಕಾಡು ಮಾರಿದ ದುಡ್ಡಲ್ಲಿ ತಂದಿದ್ದು ಅವನ ಮಗಳ ಹೆಸರಲ್ಲಿರ್ದೆ ಇನ್ಯಾರ ಹೆಸರಲ್ಲಿರ್ಬೇಕು?” ಐವತ್ತನಾಲ್ಕರಲ್ಲಿ ಕೊನೆಯವರೂ ಬಂದಾಯಿತು, ಇನ್ನು ಯಾರೂ ಇಲ್ಲ ಎಂದರಂತೆ. ಆ ದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದವನು ಮತ್ತೆ ಅದನ್ನು ತೆಗೆಯಲಿಲ್ಲ.

ನಾನು ಈ ಕಾರುಗಳ ಜೊತೆ ಬದುಕು ಕಳೆದವನು. ಇಂಥ ಕಾರು ನೋಡಿರಲಿಲ್ಲ, ಇಂಥ ಮನುಷ್ಯನನ್ನೂ ನೋಡಿರಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಕೂಗಿಯೇಬಿಟ್ಟೆ. ನಿನಗೆ ಇಪ್ಪತ್ತೊಂದು ತುಂಬಿದಾಗ ಕಾಗದ ಬರೆದಿದ್ದನಂತೆ, ನೀನು ಒಡೆಯದೆ ಹಾಗೇ ವಾಪಸ್ ಕಳಿಸಿದೆಯಂತೆ. “ಗಾಸ್ಕೊ ಮನೆಯವಳಲ್ವಾ, ನನಗಿಂತ ಒಂದು ಕೈ ಹೆಚ್ಚು,” ಎಂದ, ಹೆಮ್ಮೆಯಿಂದಲೇ. ಮತ್ತೆ ಆ ಕಲ್ಲು, ಅದಕ್ಕೆ ಹೆಸರು ಕೊಟ್ಟದ್ದು ನೀನೇ ಅಲ್ಲವೇ ಎಂದೆ. ಮುಖ ಗೋಡೆಯ ಕಡೆ ತಿರುಗಿಸಿಕೊಂಡ. “ಅದನ್ನ ನಿಮ್ಮಜ್ಜೀನ ಕೇಳ್ಬೇಕಿತ್ತು. ವಿಧವೆ ಅನ್ನಿಸ್ಕೊಳ್ದೆ ಪಿಂಚಣಿ ಬರ್ತಿರ್ಲಿಲ್ಲ, ಮನೇಲಿ ಮಗು ಇತ್ತು. ಎರ್ಸಿಲಿಯಾಗೆ ಹೇಳ್ಬೇಡ. ಚಿಕ್ಕಪ್ಪನ್ನ ಬೈಕೊಂಡು ಬೆಳೀಬಹುದು, ಹೆತ್ತವಳನ್ನ ಬೈಕೊಂಡು ಬೆಳೆಯೋದು ಕಷ್ಟ,” ಎಂದ.

ಹೇಳಬೇಡ ಎಂದ, ನಾನು ಹೇಳಿದ್ದೇನೆ. ಅಜ್ಜಿ ಮಣ್ಣಿಗೆ ಹೋಗಿ ಮೂವತ್ತು ವರ್ಷವಾಯಿತು, ನಿನಗೂ ಎಪ್ಪತ್ತೊಂದಾಯಿತು. ಇನ್ನೂ ಎಷ್ಟು ಬೆಳೆಯುತ್ತೀ? ಅವಳನ್ನೂ ಬೈಯಬೇಡ. ವಕೀಲನಿಗೆ ಕಾರಿನ ಮಾತು ಒಡತಿಯ ಹತ್ತಿರವೇ ಆಡಬೇಕು ಎಂದು ಹೇಳಿ ಕಳಿಸಿದ್ದೇನೆ.

ಮಿರೆಲ್ಲಾಳಿಗೂ ಮಕ್ಕಳಿಗೂ ನನ್ನ ಮುತ್ತು. ನಿನ್ನ ಮಂಡಿಗೆ ದೇವರು ಬಲ ಕೊಡಲಿ, ಮನಸ್ಸನ್ನು ಒಂದಿಷ್ಟು ಮೆತ್ತಗೆ ಮಾಡಲಿ.

ನಿನ್ನ ಮಗ,
ಫಿಯೊರೆಂಝೊ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಶ್ರಮದಿಂದ ಫೋನ್ ಬಂತು. ನಿನ್ನೆಯಿಂದ ಅನ್ನನೀರು ಬಿಟ್ಟಿದ್ದಾನೆ, ಡಾಕ್ಟರು ಹೆಚ್ಚು ದಿನ ಕೊಡುತ್ತಿಲ್ಲ. ಬೆಳಗ್ಗೆ ನರ್ಸಮ್ಮನನ್ನು ಕರೆದು ಒಂದೇ ಒಂದು ಮಾತು ಕೇಳಿದನಂತೆ: “ನಮ್ಮ ಎರ್ಸಿಲಿಯಾಗೆ ಕಾರು ಬಿಡೋಕೆ ಬರುತ್ತಾ?” ಅವಳಿಗೇನು ಗೊತ್ತು ಪಾಪ, ಬರುತ್ತೆ ಅಂದುಬಿಟ್ಟಿದ್ದಾಳೆ. ಕೇಳಿ ಸಮಾಧಾನದಿಂದ ಮಲಗಿದನಂತೆ. ಫೋನಿನಲ್ಲಿ ಅವನ ಸುದ್ದಿ ಎತ್ತಿದರೆ ನೀನು ಇಟ್ಟುಬಿಡುತ್ತೀ, ಅದಕ್ಕೇ ಇದನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಈ ಕಾಗದ ತಲುಪಿದ ದಿನವೇ ರೈಲು ಹತ್ತು. ಅವನಿಗೆ ಜೀವ ಇರುವಾಗ ಬಂದರೆ ನಿನ್ನನ್ನು ಹೆಗಲ ಮೇಲೆ ಹೊತ್ತಾದರೂ ಅವನ ಹತ್ತಿರ ಕರೆದೊಯ್ಯುತ್ತೇನೆ. ಮಣ್ಣಿಗೆ ಹಾಕುವಾಗ ಬರುವುದಾದರೆ, ಅಮ್ಮಾ, ನಾನು ಸ್ಟೇಷನ್ನಿಗೆ ಬರುವುದಿಲ್ಲ.