ಪಕ್ಕಕ್ಕೆ ಸರಿಯದ ಕೈ

ಡಾಕ್ಟರ್ ತಮ್ಮನಿಗೆ,

ಫೋನಿನಲ್ಲಿ ಹೇಳಬಹುದಿತ್ತು. ನೀನು ಮಧ್ಯೆ ಬಾಯಿ ಹಾಕಿ ನನ್ನನ್ನೇ ಸಮಾಧಾನ ಮಾಡಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾಡಿದ್ದು ನನ್ನ ಆಪರೇಷನ್. ನನ್ನ ಮಗಳ ಕತ್ತಿನಲ್ಲೂ ಗಂಟು ಕಾಣಿಸಿದೆ ಎಂದು ಕೇಳಿದ ಕೂಡಲೇ, ಕ್ಲಿನಿಕ್ಕಿಗೆ ಕಳಿಸಲಿ, ನಾನೇ ನೋಡುತ್ತೇನೆ ಎಂದೆಯಂತೆ. ಕಳಿಸುವುದಿಲ್ಲ.

ನೀನು ಸ್ಕ್ಯಾನ್ ಮಷಿನ್ ತಂದ ದಿನ ಎಷ್ಟು ಬೀಗಿದ್ದೆ! ಸಕ್ಕರೆ ಕಾಯಿಲೆ, ಥೈರಾಯ್ಡ್ ಎಂದು ಔಷಧಿ ಬರೆಯುತ್ತಿದ್ದವನು, ಇನ್ನು ರೋಗಿಗಳನ್ನು ಸ್ಕ್ಯಾನ್ ಸೆಂಟರಿಗೆ ಅಲೆಸುವುದಿಲ್ಲ ಎಂದೆ. ನಾನೂ ಬೀಗಿದೆ, ಸುಳ್ಳೇಕೆ? ನೀನು ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ ಮಲಗಿಸಿ ತಣ್ಣನೆಯ ಜೆಲ್ ಹಚ್ಚಿದೆ, ಭಾವನ ಗೊರಕೆ ಎಲ್ಲಿಂದ ಬರುತ್ತದೆ ಹುಡುಕುತ್ತೇನೆ ಎಂದು ನಗಿಸಿದೆ. ನನ್ನ ಸರದಿಯಲ್ಲಿ ಆ ನಗುವಿನ ಮಧ್ಯೆಯೇ ಮಷಿನ್ನಿನ ಹಿಡಿಯನ್ನು ಗಂಟಲ ನಡುವೆಯಷ್ಟೇ ಎರಡು ಸಲ ಆಡಿಸಿ, "ನೀರುಗುಳ್ಳೆ ಅಕ್ಕ, ತಲೆ ಕೆಡಿಸ್ಕೋಬೇಡ" ಎಂದೆ. ತಮ್ಮನೇ ಹೇಳಿದ ಮೇಲೆ ಇನ್ಯಾರನ್ನು ಕೇಳಲಿ?

ನಾನು ಕೆಲಸಕ್ಕೆ ಕೂರುವ ಟಿಕೆಟ್ ಕೌಂಟರಿನ ಗಾಜಿನಲ್ಲಿ ಕತ್ತಿನ ಪಕ್ಕದ ಉಬ್ಬು ಕಣ್ಣಿಗೆ ಬಿದ್ದಾಗಲೂ ನಿನ್ನ ಮಾತು ನೆನೆದು ಯೂನಿಫಾರ್ಮಿನ ಕಾಲರ್ ಮೇಲೆಳೆದುಕೊಂಡೆ. ಕೊನೆಗೆ ಜೊತೆಗೆಲಸದವಳು ಬೈದು ದೊಡ್ಡಾಸ್ಪತ್ರೆಗೆ ಎಳೆದೊಯ್ದಳು. ಅಲ್ಲಿನ ಡಾಕ್ಟರಮ್ಮ ತಾವೇ ಸ್ಕ್ಯಾನ್ ಮಾಡಿದರು, ಮಧ್ಯದ ಗಂಟು ನೋಡಿ ಮುಗಿಸಲಿಲ್ಲ. ದವಡೆಯ ಕೆಳಗೆ, ಕಿವಿಯ ಹಿಂದೆ, ಭುಜದ ಮೂಳೆಯವರೆಗೆ ಎರಡೂ ಪಕ್ಕ ನಿಧಾನವಾಗಿ ಹುಡುಕಿದರು. ಸೂಜಿ ಹಾಕಿ ಪರೀಕ್ಷಿಸಿದಾಗ ಅದು ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು, ಪಕ್ಕಕ್ಕೂ ಹರಡಿತ್ತು. ಹಿಂದಿನ ಸ್ಕ್ಯಾನಿನ ಚಿತ್ರಗಳಿದ್ದರೆ ತನ್ನಿ ಎಂದರು. ನೀನು ಒಂದನ್ನೂ ಉಳಿಸಿರಲಿಲ್ಲ.

ಪಕ್ಕಕ್ಕೆ ಯಾಕೆ ನೋಡಲಿಲ್ಲ ಎಂದು ಕೇಳಿದ್ದಕ್ಕೆ ನೀನು ಅಂದದ್ದು, "ನಾನೇನು ಸ್ಕ್ಯಾನ್ ನೋಡೋಕೇ ಓದಿರೋ ರೇಡಿಯಾಲಜಿಸ್ಟಾ ಅಕ್ಕ?" ಅಮ್ಮ ಪಾಪ, ಕೇಳಿದವರಿಗೆಲ್ಲ ಅದನ್ನೇ ಹೇಳಿ ನಿನ್ನ ಪರ ವಹಿಸುತ್ತಿದ್ದಾಳೆ. ಆ ಡಾಕ್ಟರಮ್ಮನೂ ರೇಡಿಯಾಲಜಿಸ್ಟ್ ಅಲ್ಲ ಕಣೋ. ಆಪರೇಷನ್ ಮಾಡುವವರು. ಒಂದು ಕಡೆ ಅನುಮಾನ ಬಂದಾಗ ಪಕ್ಕದ ಕೋಣೆಯಿಂದ ರೇಡಿಯಾಲಜಿಸ್ಟನ್ನು ಕರೆಸಿ, ನನ್ನೆದುರೇ, "ಇದು ನಂಗೆ ಗೊತ್ತಾಗ್ತಿಲ್ಲ, ನೀವು ನೋಡಿ" ಎಂದರು. ಅದರಿಂದ ಅವರ ಮಾನವೇನೂ ಹೋಗಲಿಲ್ಲ. ಆ ಒಂದು ಮಾತು ಅವತ್ತು ನಿನ್ನ ಬಾಯಲ್ಲಿ ಬಂದಿದ್ದರೆ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಗಳನ್ನು ಅವರಿಗೇ ತೋರಿಸುತ್ತೇನೆ. ಮಾವನಿಗೆ ಬೇಜಾರಾಗುತ್ತದೆ ಎಂದು ಅಳುತ್ತಾಳೆ, ಹುಚ್ಚು ಹುಡುಗಿ. ಆಗಲಿ ಬಿಡು ಎಂದೆ.

ನಾಡಿದ್ದು ಬರುವುದಾದರೆ ಬಾ. ನಾನೂ ಡಾಕ್ಟರ್ ಎಂದು ಒಳಗೆ ಯಾರನ್ನೂ ಪರಿಚಯ ಮಾಡಿಕೊಳ್ಳಲು ಹೋಗಬೇಡ. ಹೊರಗೆ ಎಲ್ಲರ ಜೊತೆ ಬೆಂಚಿನ ಮೇಲೆ ಕೂತಿರು. ಅಮ್ಮ ನಿನ್ನ ಕೈ ಹಿಡಿದು, ಅಕ್ಕನಿಗೆ ಏನೂ ಆಗಲ್ಲ ಅಲ್ವೇನೋ ಎಂದು ಕೇಳಿಯೇ ಕೇಳುತ್ತಾಳೆ. ಆಗ ಅವಳ ಮುಖ ನೋಡಿ, ನನಗೆ ಗೊತ್ತಿಲ್ಲಮ್ಮ ಎಂದು ಹೇಳು.

ನಿನ್ನನ್ನು ನಂಬಿ ಬರುವವರೆಲ್ಲ ಚೆನ್ನಾಗಿರಲಿ. ನೀನೂ.

ಅಕ್ಕ