ಚೌಕಟ್ಟಿನ ಹಿಂದೆ ಮಡಚಿದ್ದು

ತಮ್ಮಾ,

ಹಾಲು ಕಾಸಿಟ್ಟಿದ್ದೇನೆ, ಬೆಕ್ಕು ಬಾಯಿ ಹಾಕುವ ಮೊದಲು ಕುಡಿ. ಹಿತ್ತಲ ನಲ್ಲಿ ಸೋರುತ್ತಿತ್ತು, ಬಟ್ಟೆ ಸುತ್ತಿದ್ದೇನೆ, ಬಿಚ್ಚಬೇಡ.

ನಾನು ಆ ಬಂಡೆಗಳ ಹೊಳೆಗೆ ಹೊರಟೆ. ಬರುವುದು ನಾಲ್ಕು ದಿನ ಆಗುತ್ತೆ.

ನಿನ್ನೆ ನಿನ್ನ ಆಫೀಸಿನವರು ಗೋಡೆಯ ಮೇಲಿನ ಆ ಹೊಳೆಯ ಫೋಟೊ ನೋಡಿ ಕೇಳಿದಾಗ ನೀನು, "ಅಯ್ಯೋ, ಅಲ್ಲಿಗೆ ದಾರೀನೇ ಇಲ್ಲ ಕಣ್ರೀ, ನಾನೊಬ್ಬನೇ ಹೋಗಿದ್ದೆ" ಅಂದೆ. ನಾನು ಚಹಾ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಕಾಲು ಉಳುಕಿ ಅಳುತ್ತಿದ್ದ ನಿನ್ನನ್ನು, ಮಡಕೆ ಪೇರಿಸಿಟ್ಟಂಥ ಆ ಬಂಡೆಗಳ ಮೇಲೆ ಹೊತ್ತು ದಾಟಿಸಿದ್ದು ಈ ಬೆನ್ನು. ಪಾಪ, ಮರೆತಿರಬೇಕು ಅಂದುಕೊಂಡು ಎಲ್ಲರಿಗೂ ಚಹಾ ಕೊಟ್ಟೆ.

ಇವತ್ತು ಬೆಳಿಗ್ಗೆ ಧೂಳು ಒರೆಸಲು ಚೌಕಟ್ಟು ಬಿಚ್ಚಿದೆ. ಅವತ್ತು ದೋಣಿಯವನು ತೆಗೆದ ಫೋಟೊದ ಅರ್ಧ ಭಾಗ ಹಿಂದಕ್ಕೆ ಮಡಚಿಟ್ಟಿತ್ತು. ಅದರಲ್ಲಿ ನಾನಿದ್ದೆ, ನಿನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

ಮರೆತವನು ಮಡಚುವುದಿಲ್ಲ ಕಣೋ.

ಮಾತ್ರೆ ಊಟ ಆದ ಮೇಲೆ ನುಂಗು, ಮೊದಲೇ ಅಲ್ಲ. ಬೀಗದ ಕೈ ಗೂಡಿನಲ್ಲಿದೆ. ಯಾರಾದರೂ ನಿಮ್ಮಣ್ಣ ಎಲ್ಲಿ ಅಂತ ಕೇಳಿದರೆ, ಹೊಳೆಗೆ ಒಬ್ಬನೇ ಹೋಗಿದ್ದಾನೆ ಅನ್ನು. ಈ ಸಲ ಅದು ನಿಜ.