ಹಿಮದ ಮೇಲೆ ವಿಭೂತಿ

ಸೊರಬ
೯ ಅಕ್ಟೋಬರ್ ೨೦೨೫

ಮಹಾಂತೇಶ್ ಅವರಿಗೆ,

ಪ್ರತಿ ಸಲ ‘ಪ್ರೀತಿಯ’ ಎಂದು ಬರೆಯುತ್ತಿದ್ದೆ, ಇವತ್ತು ಕೈ ಏಳಲಿಲ್ಲ. ನಾನು ತವರಿಗೆ ಬಂದಾಗಿನಿಂದ ಫೋನ್ ಮಾಡುತ್ತಲೇ ಇದ್ದೀರಿ. ಬೇಕೆಂದೇ ಎತ್ತಿಲ್ಲ. ಎತ್ತಿದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗಂಡನಿಗೆ ಕಾಗದ ಬರೆಯುವ ಕಾಲವೇ ಇದು ಎಂದು ಅಣ್ಣ ಸಂಗಮೇಶ್ ನಗುತ್ತಿದ್ದಾನೆ. ನಗಲಿ. ನೀವು ಮಾತ್ರ ಅಂಗಡಿಯಲ್ಲಿ ಕೂತು ಗಿರಾಕಿಗಳ ನಡುವೆ ಓದಬೇಡಿ.

ಆ ಚಿತ್ರ ಹಸಿಯಾಗಿದೆ ಎಂದು ಹೇಳಿ ಹೋಗಿದ್ದೆನೋ ಇಲ್ಲವೋ? ಎಣ್ಣೆಬಣ್ಣ, ಅದರಲ್ಲೂ ಬಿಳಿ, ಒಣಗಲು ವಾರಗಟ್ಟಲೆ ಬೇಕು, ಯಾರೂ ಮುಟ್ಟಬಾರದು ಎಂದಿದ್ದೆ. ಉಳಿದ ಚಿತ್ರಗಳನ್ನು ದೆಹಲಿಗೆ ಮುಟ್ಟಿಸಿ ಬರಲು ಹೊರಟಾಗ ಮಹಡಿ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅತ್ತೆಗೆ ಕೊಡದೆ ನಿಮ್ಮ ಕೈಗೆ ಕೊಟ್ಟೆ. ನೀವಾದರೆ ಜೋಪಾನ ಮಾಡುತ್ತೀರಿ ಅಂದುಕೊಂಡೆ. ಎಂಥಾ ಬುದ್ಧಿ ನನ್ನದು.

ಬಂದು ಬಾಗಿಲು ತೆಗೆದರೆ ಚಿತ್ರದ ತುದಿಗೆ ಚೆಂಡುಹೂವಿನ ಹಾರ. ನಾನು ಬರೆದ ಕಿನ್ನರ ಕೈಲಾಸ ಶಿಖರದ ನೆತ್ತಿಗೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಕುಂಕುಮ ದೊಡ್ಡದಾಯಿತು ಎಂದು ಒದ್ದೆ ಬಟ್ಟೆಯಲ್ಲಿ ಬೇರೆ ಒರೆಸಿದ್ದೀರಿ, ಕೆಂಪೆಲ್ಲ ಹಿಮದ ಇಳಿಜಾರಿಗೆ ಬಳಿದುಕೊಂಡಿದೆ. ಆಯುಧಪೂಜೆ ಮಾಡಿದ್ದೀರಂತೆ. ಎದುರಿಗೆ ಬೂದುಗುಂಬಳ ಒಡೆಯಲಿಲ್ಲವಲ್ಲ, ಅದೊಂದು ನನ್ನ ಪುಣ್ಯ.

ಆ ಚಿತ್ರಕ್ಕೆ ಎರಡು ವರ್ಷ ಹಿಡಿಯಿತು ರೀ. ಹಿಮಾಚಲದ ಕಲ್ಪಾದಲ್ಲಿ ಬೆಳಗಿನ ಜಾವದ ಚಳಿಗೆ ಬೆರಳು ಮರಗಟ್ಟುವಂತೆ ಕೂತು ಆ ಶಿಖರದ ಬಣ್ಣ ಗುರುತು ಮಾಡಿಕೊಂಡು ಬಂದಿದ್ದೆ. ಹಿಮ ಬಿಳಿ ಅಲ್ಲ, ನೋಡಿದವರಿಗೆ ಗೊತ್ತು. ಅದರಲ್ಲಿ ನೀಲಿ ಇದೆ, ಬೂದಿ ಇದೆ, ಬಿಸಿಲು ಬೀಳುವ ಮುಂಚೆ ಒಂದು ಗಳಿಗೆ ಈರುಳ್ಳಿ ಸಿಪ್ಪೆಯ ಬಣ್ಣವೂ ಇದೆ. ಈ ತಿಂಗಳ ಕೊನೆಗೆ ದೆಹಲಿಯ ಪ್ರದರ್ಶನದಲ್ಲಿ ನನ್ನ ಇಪ್ಪತ್ತು ವರ್ಷದ ಕೆಲಸವೆಲ್ಲ ಒಂದೇ ಕಡೆ ತೂಗುಹಾಕುತ್ತಾರೆ. ಒಳಗೆ ಬಂದವರಿಗೆ ಮೊದಲು ಕಾಣುವ ಗೋಡೆಯನ್ನು ಈ ಚಿತ್ರಕ್ಕೆಂದೇ ಬಿಟ್ಟಿದ್ದಾರೆ. ಈಗ ಅಲ್ಲಿ ಏನು ಹಾಕಲಿ? ನಿಮ್ಮ ಪಂಪ್‌ಸೆಟ್ ಅಂಗಡಿಯ ಕ್ಯಾಲೆಂಡರ್ ಹಾಕಲೇ?

ಅಣ್ಣ ನಿಮ್ಮ ಪರ. ‘ಭಕ್ತಿಯಿಂದ ಮಾಡಿದಾರೆ, ಬಿಡೆ ಮಾರಾಯ್ತಿ’ ಎಂದ. ಅವರು ಭಕ್ತಿಯಿಂದ ನಿನ್ನ ಭತ್ತದ ಸಸಿಮಡಿ ಮೇಲೆ ಪಿಕಪ್ ಹತ್ತಿಸಿದ್ದರೆ ಬಿಡುತ್ತಿದ್ದೆಯಾ ಎಂದು ಕೇಳಿದೆ. ಎದ್ದು ಗದ್ದೆಗೆ ಹೋದ.

ಮದುವೆಯಾಗಿ ಶಿಕಾರಿಪುರಕ್ಕೆ ಬಂದ ವರ್ಷವೇ ಅತ್ತೆ ಕೇಳಿದ್ದರು, ಗುಡ್ಡ ಬರೆಯೋಕೆ ಅಷ್ಟು ದೂರ ಯಾಕೆ, ನಿಮ್ಮ ಚಂದ್ರಗುತ್ತಿ ಗುಡ್ಡ ಇಲ್ವೇನೆ ಎಂದು. ಅದನ್ನು ಹುಡುಗಿಯಾಗಿದ್ದಾಗ ಬರೆದು ಬರೆದು ಮುಗಿಸಿದ್ದೆ. ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ಮೇಷ್ಟ್ರು ಹಿಮಾಚಲಕ್ಕೆ ಕರೆದುಕೊಂಡು ಹೋದರು, ಅಲ್ಲಿಂದಾಚೆ ನನಗೆ ಬೇರೆ ಬೆಟ್ಟ ಕಣ್ಣಿಗೆ ಹಿಡಿಸಲೇ ಇಲ್ಲ. ಅತ್ತೆಯ ಮಾತಿಗೆ ನನಗೆ ಸಿಟ್ಟಿಲ್ಲ, ಅವರು ಮುಖದ ಮೇಲೆ ಕೇಳಿದರು. ನನ್ನ ಸಿಟ್ಟು ನಿಮ್ಮ ಮೇಲೆ. ನಾನು ಊರು ಬಿಟ್ಟಾಗಲೆಲ್ಲ ನೀವು ಓಣಿಯವರಿಗೆ ಏನು ಹೇಳುತ್ತಿದ್ದಿರಿ? ‘ಮನೆಯವಳು ಕೇದಾರಕ್ಕೆ ಯಾತ್ರೆ ಹೋಗ್ಯಾಳ್ರೀ.’

ಹೆಂಡತಿ ಒಬ್ಬಳೇ ಚಿತ್ರ ಬರೆಯಲು ಹೋಗಿದ್ದಾಳೆ ಎನ್ನಲು ನಿಮಗೆ ನಾಚಿಕೆ. ನಾನು ವಾಪಸ್ಸು ಬಂದರೆ ಪಕ್ಕದ ಮನೆಯವರು ಪ್ರಸಾದ ಕೇಳಿಕೊಂಡು ಬರುತ್ತಿದ್ದರು. ಕಿನ್ನೌರಿನ ಸಂತೆಯಲ್ಲಿ ಕೊಂಡ ಒಣ ಹಣ್ಣನ್ನು ಕೈಗೆ ಹಾಕಿದರೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ನೀವು ಪಕ್ಕದಲ್ಲೇ ನಿಂತು ತಲೆ ಆಡಿಸುತ್ತಿದ್ದಿರಿ. ಪೇಪರಿನಲ್ಲಿ ನನ್ನ ಫೋಟೋ ಬಂದ ದಿನ ಅಂಗಡಿಯಲ್ಲಿ ಯಾರೋ ಕೇಳಿದ್ದಕ್ಕೆ, ಏನೋ ಟೈಂಪಾಸಿಗೆ ಮಾಡ್ತಾಳೆ ಎಂದಿರಂತೆ. ಅದೂ ನನ್ನ ಕಿವಿಗೆ ಬಿದ್ದಿದೆ.

ಮೊನ್ನೆ ನಾನು ಕೂಗಾಡಿದಾಗ ನೀವು ಏನೆಂದಿರಿ ನೆನಪಿದೆಯೇ? ಹಾರ ಕೈಯಲ್ಲಿ ಹಿಡಿದುಕೊಂಡು, ತಪ್ಪು ಮಾಡಿದ ಮಕ್ಕಳ ಹಾಗೆ ನಿಂತಿದ್ದಿರಿ. ‘ಪಿಕಪ್ಪಿಗೆ ಹಚ್ಚಿದ್ವಿ, ಪೈಪ್ ಕೊಯ್ಯೋ ಮಷೀನಿಗೆ ಹಚ್ಚಿದ್ವಿ, ಅಮ್ಮನ ಮಿಕ್ಸಿಗೂ ಆತು. ನಿನ್ ಕೆಲ್ಸ ಒಂದನ್ನ ಯಾಕ್ ಬಿಡ್ಬೇಕು ಅಂತ ಮ್ಯಾಲೆ ಹೋದೆ’ ಎಂದಿರಿ.

ನಿನ್ನ ಕೆಲಸ. ಇಷ್ಟು ವರ್ಷದಲ್ಲಿ ಆ ಮಾತು ನಿಮ್ಮ ಬಾಯಿಂದ ಬಂದದ್ದು ಅದೇ ಮೊದಲು. ಅದನ್ನು ಬಾಯಲ್ಲಿ ಹೇಳಿದ್ದರೆ ಸಾಕಾಗಿತ್ತಲ್ಲ ರೀ. ಎಂದೋ ಒಂದು ದಿನ ಊಟಕ್ಕೆ ಕೂತಾಗ ಹೇಳಬಹುದಿತ್ತು. ಅದಕ್ಕೆ ನನ್ನ ಎರಡು ವರ್ಷ ಹಾಳಾಗಬೇಕಿತ್ತೇ? ಆ ಮಾತು ಕೇಳಿದ ಮೇಲೆ ಬೈಯಲೂ ಮನಸ್ಸಾಗಲಿಲ್ಲ, ಬಿಡಲೂ ಮನಸ್ಸಾಗಲಿಲ್ಲ. ಅದಕ್ಕೇ ಚಿತ್ರ ಕಟ್ಟಿಕೊಂಡು ನಿಮ್ಮದೇ ಪಿಕಪ್ಪಿನಲ್ಲಿ ಇಲ್ಲಿಗೆ ಬಂದೆ.

ನಾನು ಯಾವಾಗ ಬರುತ್ತೇನೆ ಎಂದು ಅಣ್ಣನನ್ನು ಕೇಳಬೇಡಿ. ಓಣಿಯವರು ಕೇಳಿದರೆ ಯಾತ್ರೆ ಎನ್ನಬೇಡಿ. ಗಂಡನ ಜೊತೆ ಜಗಳವಾಡಿ ತವರಿಗೆ ಹೋಗಿದ್ದಾಳೆ, ಅವಳ ಕೆಲಸ ನಾನು ಕೆಡಿಸಿದೆ ಎನ್ನಿ. ಅಂಗಡಿಯಲ್ಲಿ ನಾಲ್ಕು ಜನರೆದುರು ಹೇಳಿ. ಹೇಳಿದರೆ ನನಗೆ ತಾನಾಗಿ ಗೊತ್ತಾಗುತ್ತದೆ, ಸೊರಬ ಅಷ್ಟೇನೂ ದೂರವಿಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ
ಸರ್ವಮಂಗಳ

ಮರೆತಿದ್ದೆ: ಬಳಿದುಕೊಂಡಿದ್ದ ಕುಂಕುಮವನ್ನು ನಿನ್ನೆ ಕೆರೆದು ತೆಗೆದು, ಅಷ್ಟು ಜಾಗಕ್ಕೆ ಹಿಮ ಮತ್ತೆ ಬರೆದೆ. ವಿಭೂತಿ ಕೆರೆಯಲು ಮೂರು ಸಲ ಚಾಕು ಹಿಡಿದೆ, ಆಗಲಿಲ್ಲ. ಇನ್ನು ಆ ಚಿತ್ರ ದೆಹಲಿಗೆ ಹೋಗುವುದಿಲ್ಲ, ಯಾರಿಗೂ ಕೊಡುವುದೂ ಇಲ್ಲ. ಆ ಗೋಡೆ ಖಾಲಿಯೇ ಇರುತ್ತದೆ. ಬೇರೆ ಗೋಡೆಗಳಲ್ಲಿ ನೀವು ಒಂದು ದಿನವೂ ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದು ನೋಡದ ಚಿತ್ರಗಳಿವೆ. ಇಬ್ಬರಿಗೂ ರೈಲಿನ ಟಿಕೆಟ್ ಮಾಡಿಸಿದ್ದೇನೆ. ಬಂದು ನೋಡಿ. ಕೈ ಹಿಂದೆ ಕಟ್ಟಿಕೊಂಡು ನೋಡಿ.